ಡಿಟಾಕ್ಸ್ ಕ್ಯಾಪ್ಸೂಲ್ ತಗೊಂಡು ಲಿವರ್ ಕೆಡಿಸ್ಕೊಂಡ ಮೇಲೆ ಗೊತ್ತಾಗಿದ್ದು (ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ)

ತುಂಬೆಹೂ:
ಎಲ್ಲರಿಗೂ ನಮಸ್ಕಾರ. ಬರೀಬೇಕು ಬರೀಬೇಕು ಅಂದ್ಕೊಂಡು ಮುಂದಕ್ಕೆ ಹಾಕ್ತಾ ಬಂದಿದ್ದೆ, ನಿನ್ನೆ ಇಲ್ಲಿ ಒಬ್ಬರು "ಬಾಡಿ ಕ್ಲೀನ್ ಮಾಡೋಕೆ ಯಾವ ಕ್ಯಾಪ್ಸೂಲ್ ಒಳ್ಳೇದು" ಅಂತ ಕೇಳಿದ್ದು ನೋಡಿ ಸುಮ್ನಿರೋಕೆ ಆಗ್ಲಿಲ್ಲ.

ಹೋದ ವರ್ಷ ನಂಗೆ ಸದಾ ಸುಸ್ತು, ಊಟ ಆದ್ಮೇಲೆ ಹೊಟ್ಟೆ ಉಬ್ಬರ, ಮುಖದಲ್ಲಿ ಕಳೆನೇ ಇರ್ಲಿಲ್ಲ. ಮೈಯಲ್ಲಿ ವಿಷ ತುಂಬ್ಕೊಂಡಿದೆ ಅಂತ ಒಂದು ವಿಡಿಯೋ ನೋಡಿ ನಂಬಿಬಿಟ್ಟೆ. ಅರಿಶಿನದ ಕ್ಯಾಪ್ಸೂಲ್, ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ (ಅಂದ್ರೆ ಗಟ್ಟಿ ಸಾರ), ಲಿವರ್ ಟಾನಿಕ್ ಅಂತ ಒಂದು ಸಿರಪ್, ರಾತ್ರಿಗೆ ಒಂದು ಪೌಡರ್, ಹೀಗೆ ನಾಲ್ಕು ಸೇರ್ಕೊಂಡ್ವು. ಎಲ್ಲಾ ಗಿಡಮೂಲಿಕೆ ತಾನೆ, ಏನ್ ಆಗತ್ತೆ ಅಂತ ಧೈರ್ಯ. ಏಳನೇ ವಾರಕ್ಕೆ ಅಂಗೈ ಅಂಗಾಲು ನವೆ ಶುರುವಾಯ್ತು, ರಾತ್ರಿ ಎದ್ದು ಕೂತು ಕೆರ್ಕೊಳ್ಳೋ ಅಷ್ಟು. ಆಮೇಲೆ ಒಂದಿನ ಬೆಳಗ್ಗೆ ಮೂತ್ರದ ಬಣ್ಣ ಹಾಲು ಹಾಕದ ಟೀ ಥರ ಕಂಡಾಗ ಕೈಕಾಲು ತಣ್ಣಗಾಯ್ತು. ರಕ್ತ ಪರೀಕ್ಷೆಲಿ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರೋ ಎಂಜೈಮ್) 612 ಬಂತು, ಸಾಮಾನ್ಯವಾಗಿ 40ರ ಆಸುಪಾಸಿನೊಳಗೇ ಇರ್ಬೇಕಾದ್ದು.

ಡಾಕ್ಟ್ರು ಕೇಳಿದ್ದು ಒಂದೇ ಮಾತು, "ಏನೇನು ತಗೋತಿದೀರಿ, ಎಲ್ಲಾ ಬಾಟಲಿನೂ ತನ್ನಿ" ಅಂತ. ಮೇಜಿನ ಮೇಲೆ ನಾಲ್ಕನ್ನೂ ಸಾಲಾಗಿ ಇಟ್ಟೆ. ಅವರು ಅರಿಶಿನದ ಬಾಟಲಿ ತಿರುಗಿಸಿ ಹಿಂದೆ ಇದ್ದ ಸಣ್ಣ ಅಕ್ಷರ ತೋರಿಸಿದ್ರು: ಒಂದು ಕ್ಯಾಪ್ಸೂಲಲ್ಲಿ 500 ಮಿಲಿಗ್ರಾಂ ಎಕ್ಸ್‌ಟ್ರಾಕ್ಟ್, ಅದರಲ್ಲಿ 95 ಪರ್ಸೆಂಟ್ ಕರ್ಕ್ಯುಮಿನ್, ಜೊತೆಗೆ ಕರಿಮೆಣಸಿನ ಪೈಪರಿನ್. ನಾನು ದಿನಕ್ಕೆ ಎರಡು ನುಂಗ್ತಿದ್ದೆ. ಅರಿಶಿನದ ಪುಡಿಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಹೆಚ್ಚುಕಮ್ಮಿ 3 ಭಾಗ ಅಷ್ಟೆ. ಅಂದ್ರೆ ದಿನಾ ಸುಮಾರು ಹತ್ತು ಟೀ ಚಮಚ ಅರಿಶಿನ ತಿಂದ ಲೆಕ್ಕ, ಅದೂ ಪೈಪರಿನ್‌ನಿಂದ ರಕ್ತಕ್ಕೆ ಇನ್ನೂ ಜಾಸ್ತಿ ಸೇರೋ ಥರ ಮಾಡಿದ್ದು. ಹೆಪಟೈಟಿಸ್ ಟೆಸ್ಟ್ ಎಲ್ಲಾ ನೆಗೆಟಿವ್ ಬಂತು. ನಾಲ್ಕೂ ನಿಲ್ಲಿಸಿದೆ, ಎಸ್‌ಜಿಪಿಟಿ ಎರಡು ವಾರಕ್ಕೆ ಅರ್ಧಕ್ಕಿಳೀತು, ಮೂರು ತಿಂಗಳಿಗೆ ಮಾಮೂಲಿಗೆ ಬಂತು. ಲಿವರ್‌ಗೆ ಯಾವ ಔಷಧಿನೂ ಕೊಡ್ಲಿಲ್ಲ, ಅದೇ ತನ್ನಷ್ಟಕ್ಕೆ ಸರಿಮಾಡ್ಕೊಳ್ತು. ಯಾವುದನ್ನ ಕ್ಲೀನ್ ಮಾಡ್ತೀನಿ ಅಂತ ಹೊರಟಿದ್ನೋ ಅದೇ ಇಷ್ಟೂ ದಿನ ನನ್ನನ್ನ ಕ್ಲೀನ್ ಮಾಡ್ಕೊಂಡು ಬಂದಿತ್ತು ಅಂತ ಆಗ ಅರ್ಥ ಆಯ್ತು.

ಗಿಡಮೂಲಿಕೆ ಬೇಡ ಅಂತ ಹೇಳೋಕೆ ಬಂದಿಲ್ಲ, ನಂಗೆ ಈಗ್ಲೂ ಇಷ್ಟ. ಯಾವ ಪ್ರಮಾಣದಲ್ಲಿ, ಯಾವ ರೂಪದಲ್ಲಿ ಅನ್ನೋದು ಮಾತಾಡೋಣ. ನೀವು ದಿನಾ ಏನ್ ಮಾಡ್ತೀರಿ ಹೇಳಿ.

ಮಳೆಹನಿ:
ಅಕ್ಕಾ ಓದಿ ಎದೆ ಝಲ್ ಅಂತು. ನಾನೂ ಗ್ರೀನ್ ಟೀ ಕ್ಯಾಪ್ಸೂಲ್ ತಗೋತಿದೀನಿ, ಮೂರು ತಿಂಗಳಾಯ್ತು. ಗ್ರೀನ್ ಟೀ ಕುಡಿಯೋದೂ ಬಿಡ್ಬೇಕಾ? ಆಮೇಲೆ ಒಂದು ಡೌಟು, ಲಿವರ್ ಅಷ್ಟು ಚೆನ್ನಾಗಿ ಕೆಲಸ ಮಾಡೋದಾದ್ರೆ ನಮಗ್ಯಾಕೆ ಸುಸ್ತು, ಉಬ್ಬರ ಎಲ್ಲಾ?

ಹೊಂಗೆನೆರಳು:
ತುಂಬೆಹೂ ಅವರೇ, ಇಷ್ಟು ಬಿಚ್ಚಿ ಬರೆದಿದ್ದಕ್ಕೆ ಥ್ಯಾಂಕ್ಸ್. ನಾನು ಔಷಧಿ ಅಂಗಡಿಲೇ ಮೂವತ್ತು ವರ್ಷ ಫಾರ್ಮಸಿಸ್ಟ್ ಆಗಿ ಕೆಲಸ ಮಾಡ್ದೋನು, ಈ ಥರ ಬಾಟಲಿಗಳನ್ನ ಸಾವಿರ ಸಲ ಕೈಯಲ್ಲಿ ಹಿಡ್ದಿದೀನಿ, ಕೊಡುವಾಗೆಲ್ಲ ಕೇಳಬೇಕಾದ್ದು ಕೇಳಿದ್ರೆ ಚೆನ್ನಾಗಿತ್ತು ಅಂತ ಈಗ ಅನ್ಸತ್ತೆ.

ಮಳೆಹನಿ, ಟೀ ಕುಡಿಯೋದು ಬೇರೆ, ಎಕ್ಸ್‌ಟ್ರಾಕ್ಟ್ ಬೇರೆ. ಗ್ರೀನ್ ಟೀಲಿ ಇಜಿಸಿಜಿ ಅಂತ ಒಂದು ಅಂಶ ಇದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಇದನ್ನ ಪರಿಶೀಲಿಸಿ, ಸಪ್ಲಿಮೆಂಟ್ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ತಗೊಂಡವರಲ್ಲಿ ಲಿವರ್ ಎಂಜೈಮ್ ಏರೋದು ಕಾಣತ್ತೆ, ಬಿಸಿನೀರಲ್ಲಿ ನೆನೆಸಿ ಕುಡಿಯೋ ಟೀ ಸಾಮಾನ್ಯವಾಗಿ ಸುರಕ್ಷಿತ ಅಂತ ಹೇಳ್ತು. ಕಪ್ಪಲ್ಲಿ ಕುಡಿಯುವಾಗ ನಿಧಾನಕ್ಕೆ, ಕಮ್ಮಿ ಕಮ್ಮಿ ಹೋಗತ್ತೆ. ಕ್ಯಾಪ್ಸೂಲು ಒಂದೇ ಏಟಿಗೆ, ಅದೂ ಎಷ್ಟೋ ಜನ ಖಾಲಿ ಹೊಟ್ಟೆಗೆ ನುಂಗ್ತಾರೆ. ಅರಿಶಿನ ಮತ್ತೆ ಗ್ರೀನ್ ಟೀ ಎರಡರಲ್ಲೂ ಲಿವರ್ ಪೆಟ್ಟು ತಿಂದವರಲ್ಲಿ ಎಚ್‌ಎಲ್‌ಎ-ಬಿ 35:01 ಅನ್ನೋ ಒಂದೇ ಜೀನ್ ರೂಪ ಜಾಸ್ತಿ ಸಿಕ್ಕಿದೆ. ಹಾಗಾಗಿ ಪಕ್ಕದ ಮನೆಯವರಿಗೆ ಏನೂ ಆಗದೆ ಇರಬಹುದು, ನಿಮಗೆ ಆಗಬಹುದು, ಮೊದಲೇ ಗೊತ್ತಾಗಲ್ಲ.

ಈಗ ಲಿವರ್ ವಿಷಯ. ಸುಮಾರು ಒಂದೂವರೆ ಕೆಜಿ ತೂಕದ ಅಂಗ, ನಿಮಿಷಕ್ಕೆ ಹತ್ತಿರಹತ್ತಿರ ಒಂದೂವರೆ ಲೀಟರ್ ರಕ್ತ ಅದರೊಳಗೆ ಹಾದುಹೋಗತ್ತೆ, ಅದರಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದನೇ ಬರೋದು. ಅಂದ್ರೆ ನೀವು ತಿಂದಿದ್ದು ಮೈಗೆಲ್ಲಾ ಹಂಚಿಹೋಗೋಕೆ ಮುಂಚೆ ಲಿವರ್ ಒಂದು ಸಲ ನೋಡತ್ತೆ. ಕೆಲಸ ಎರಡು ಹಂತದಲ್ಲಿ. ಮೊದಲ ಹಂತದಲ್ಲಿ ಸೈಟೋಕ್ರೋಮ್ ಪಿ450 ಅನ್ನೋ ಎಂಜೈಮ್‌ಗಳ ಗುಂಪು ವಸ್ತುವನ್ನ ಸ್ವಲ್ಪ ಬದಲಾಯಿಸತ್ತೆ. ಎರಡನೇ ಹಂತದಲ್ಲಿ ಅದಕ್ಕೆ ಮೈಯೇ ತಯಾರಿಸ್ಕೊಳ್ಳೋ ಗ್ಲುಟಾಥಯೋನ್, ಸಲ್ಫೇಟ್ ಇಂಥದ್ದೇನಾದ್ರೂ ಕಟ್ಟಿ ನೀರಲ್ಲಿ ಕರಗೋ ಥರ ಮಾಡಿ, ಪಿತ್ತರಸದ ಜೊತೆ ಕರುಳಿಗೋ ರಕ್ತದ ಮೂಲಕ ಕಿಡ್ನಿಗೋ ಕಳಿಸತ್ತೆ.

ಇದರಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಮಾತು ಒಂದಿದೆ. ಮೊದಲ ಹಂತ ಮುಗಿದಾಗ ಕೆಲವು ಸಲ ವಸ್ತು ಮುಂಚೆಗಿಂತ ಜಾಸ್ತಿ ಅಪಾಯಕಾರಿ ಆಗಿರತ್ತೆ. ಪ್ಯಾರಾಸಿಟಮಾಲ್ ತಗೊಳ್ಳಿ. ಅದರ ಒಂದು ಸಣ್ಣ ಪಾಲು ಮೊದಲ ಹಂತದಲ್ಲಿ ವಿಷವಾಗಿ ಬದಲಾಗತ್ತೆ, ಗ್ಲುಟಾಥಯೋನ್ ಅದನ್ನ ತಕ್ಷಣ ಹಿಡಿದು ಕಟ್ಟಿಹಾಕತ್ತೆ, ಮಾಮೂಲಿ ಡೋಸಲ್ಲಿ ನಮಗೇನೂ ಗೊತ್ತೇ ಆಗಲ್ಲ. ಅತಿಯಾಗಿ ತಗೊಂಡ್ರೆ ಗ್ಲುಟಾಥಯೋನ್ ಖಾಲಿ ಆಗಿ ಆ ವಿಷ ಲಿವರ್ ಜೀವಕೋಶಗಳನ್ನೇ ಸುಡತ್ತೆ. ಆಗ ಆಸ್ಪತ್ರೆಲಿ ಕೊಡೋ ಎನ್-ಅಸಿಟೈಲ್‌ಸಿಸ್ಟೀನ್ ಗ್ಲುಟಾಥಯೋನನ್ನ ಮತ್ತೆ ತುಂಬೋಕೆ. ಹಾಗಾಗಿ "ಡಿಟಾಕ್ಸ್ ಎಂಜೈಮ್‌ಗಳನ್ನ ಚುರುಕು ಮಾಡತ್ತೆ" ಅಂತ ಬಾಟಲಿ ಮೇಲೆ ಬರೆದಿದ್ರೆ ಖುಷಿ ಪಡೋದಕ್ಕಿಂತ ಹುಷಾರಾಗೋದು ಮೇಲು.

ಸುಸ್ತಿಗೆ ಥೈರಾಯ್ಡು, ರಕ್ತಹೀನತೆ, ಸಕ್ಕರೆ ಕಾಯಿಲೆ, ನಿದ್ದೆ ಕಮ್ಮಿ, ಹೀಗೆ ಎಷ್ಟೋ ಕಾರಣ ಇರತ್ತೆ. ಮೊದಲು ಅದನ್ನ ಪರೀಕ್ಷೆ ಮಾಡಿಸಿ.

ಬೆಳ್ಳಿಮೋಡ:
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರಾಗ್ಬೇಡಿ. ನಾನು ವರ್ಷಕ್ಕೆರಡು ಸಲ ಮೂರು ದಿನ ಬರೀ ಜ್ಯೂಸ್ ಮೇಲೆ ಇರ್ತೀನಿ, ಪಾಲಕ್ ಸೊಪ್ಪು, ಬೀಟ್‌ರೂಟ್, ನಿಂಬೆ ಎಲ್ಲಾ ಹಾಕಿ. ಎರಡನೇ ದಿನ ತಲೆ ಸಿಡಿಯೋ ಹಾಗೆ ನೋಯತ್ತೆ, ಅದು ವಿಷ ಹೊರಗೆ ಬರೋ ಲಕ್ಷಣ ಅಂತಾರೆ, ಮೂರನೇ ದಿನ ಮೈ ಹಗುರ, ಎರಡು ಕೆಜಿ ಇಳಿದಿರತ್ತೆ. ಎಲ್ಲಾ ಸುಳ್ಳು ಅಂದ್ರೆ ನಾನು ಒಪ್ಪಲ್ಲ, ನನ್ನ ಮೈ ನನಗೆ ಗೊತ್ತಾಗತ್ತೆ.

ತುಂಬೆಹೂ:
ಬೆಳ್ಳಿಮೋಡ ಅವರೇ, ಹಗುರ ಅನ್ಸೋದು ನಿಜಾನೇ, ನಂಗೂ ಆಗಿತ್ತು. ಆ ಮೂರು ದಿನ ನೀವು ಕರಿದಿದ್ದು, ಬೇಕರಿ ಐಟಂ, ತಡರಾತ್ರಿ ಊಟ ಎಲ್ಲಾ ಬಿಟ್ಟಿರ್ತೀರಲ್ವಾ, ಹಗುರ ಅದರಿಂದ. ಜ್ಯೂಸ್ ಕುಡಿಯೋದ್ರ ಜೊತೆಗೆ ಏನೇನು ಬಿಟ್ರಿ ಅಂತಲೂ ಒಂದ್ಸಲ ಬರೆದು ನೋಡಿ.

ಒಂದು ಕೇಳ್ಲಾ, ಆ ಮೂರು ದಿನ ಕಾಫಿ ಟೀನೂ ಬಿಡ್ತೀರಾ?

ಬೆಳ್ಳಿಮೋಡ:
ಹೂಂ, ಪೂರ್ತಿ ಬಿಡ್ತೀನಿ. ಮಾಮೂಲಿ ದಿನದಲ್ಲಿ ನಾಲ್ಕು ಕಪ್ ಆಗತ್ತೆ.

ಹೊಂಗೆನೆರಳು:
ಹಾಗಾದ್ರೆ ಆ ತಲೆನೋವು ಕಾಫಿ ಬಿಟ್ಟಿದ್ದಕ್ಕೇ ಇರಬೇಕು. ಕೆಫೀನ್ ನಿಂತ 12ರಿಂದ 24 ಗಂಟೆ ಒಳಗೆ ಶುರು ಆಗತ್ತೆ, ಎರಡನೇ ದಿನಕ್ಕೆ ಜೋರಾಗತ್ತೆ, ನಿಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದತ್ತೆ ನೋಡಿ. ಎರಡು ಕೆಜಿ ಇಳಿದಿದ್ದೂ ಬಹುಪಾಲು ಕೊಬ್ಬಲ್ಲ. ಲಿವರ್ರು, ಮಾಂಸಖಂಡದಲ್ಲಿ ಗ್ಲೈಕೋಜನ್ ಅಂತ ಸಕ್ಕರೆ ದಾಸ್ತಾನು ಇರತ್ತೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರತ್ತೆ, ಊಟ ಕಮ್ಮಿ ಆದಾಗ ಅದು ಕರಗಿ ನೀರೂ ಹೋಗತ್ತೆ, ಮತ್ತೆ ಊಟ ಶುರು ಮಾಡಿದ ಒಂದೆರಡು ದಿನಕ್ಕೆ ವಾಪಸ್. ಅಂದಹಾಗೆ ಕಾಫಿ ಲಿವರ್‌ಗೆ ಶತ್ರು ಅಲ್ಲ, ದಿನಕ್ಕೆ ಎರಡು ಮೂರು ಕಪ್ ಕುಡಿಯೋರಲ್ಲಿ ಲಿವರ್ ಸಿರೋಸಿಸ್ (ಲಿವರ್ ಗಾಯಗಟ್ಟಿ ಗಟ್ಟಿಯಾಗೋದು) ಕಮ್ಮಿ ಅಂತ ಹಲವು ದೇಶಗಳ ಅಧ್ಯಯನದಲ್ಲಿ ಕಂಡಿದೆ. ಸಕ್ಕರೆ ಕಮ್ಮಿ ಮಾಡಿ ಅಷ್ಟೆ.

ನನಗೆ ನಿಜವಾಗ್ಲೂ ಭಯ ಆಗಿದ್ದು ಪಾಲಕ್ ಮತ್ತೆ ಬೀಟ್‌ರೂಟ್ ನೋಡಿ. ಎರಡರಲ್ಲೂ ಆಕ್ಸಲೇಟ್ ಅನ್ನೋ ಹರಳು ಕಟ್ಟೋ ಅಂಶ ಜಾಸ್ತಿ. ಬೇಯಿಸಿ ಊಟದ ಜೊತೆ ತಿಂದ್ರೆ ತೊಂದರೆ ಇಲ್ಲ, ಆದ್ರೆ ಹಸಿಯಾಗಿ ರುಬ್ಬಿ ಲೋಟಗಟ್ಲೆ ಖಾಲಿ ಹೊಟ್ಟೆಗೆ ಕುಡಿದು ಕಿಡ್ನಿಲಿ ಆಕ್ಸಲೇಟ್ ಹರಳು ಕಟ್ಟಿ ಕಿಡ್ನಿ ಫೇಲ್ ಆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲೇ ದಾಖಲಾಗಿವೆ. ಕಮರಾಕ್ಷಿ ಹಣ್ಣಿನ ಜ್ಯೂಸ್ ಅಂತೂ ಕಿಡ್ನಿ ಕಾಯಿಲೆ ಇರೋರು ಮುಟ್ಟಲೇಬಾರದು. ಕಿಡ್ನಿ ಸ್ಟೋನ್ ಆಗಿದ್ದೋರು ನಿಮ್ಮ ಈ ಜ್ಯೂಸ್ ಕುಡೀಬೇಡಿ ಅಂತ ಕೈಮುಗಿದು ಕೇಳ್ತೀನಿ.

ಬೆಳ್ಳಿಮೋಡ:
ಸರ್, ಹತ್ತು ವರ್ಷದ ಹಿಂದೆ ನಂಗೆ ಒಂದ್ಸಲ ಸ್ಟೋನ್ ಆಗಿತ್ತು. ಇದನ್ನ ಯಾರೂ ಹೇಳಿರ್ಲಿಲ್ಲ. ಈ ಸಲ ಜ್ಯೂಸ್ ಇಲ್ಲ.

ಕಡಲಗಾಳಿ:
ನಂದು ಮಲಬದ್ಧತೆ ಕಥೆ, ಹೇಳ್ಕೊಳ್ಳೋಕೆ ಮುಜುಗರ ಆದ್ರೂ ಹೇಳ್ತೀನಿ. ರಾತ್ರಿ ಒಂದು ಹರ್ಬಲ್ ಟೀ ಕುಡಿದ್ರೆ ಬೆಳಗ್ಗೆ ಹೊಟ್ಟೆ ಪೂರ್ತಿ ಖಾಲಿ. ಒಂದು ವರ್ಷದಿಂದ ದಿನಾ. ಈಗ ಒಂದು ದಿನ ಬಿಟ್ರೆ ಏನೂ ಆಗಲ್ಲ, ಎರಡು ಪ್ಯಾಕೆಟ್ ಹಾಕ್ಬೇಕಾಗಿದೆ, ಕಾಲಿನ ಮೀನಖಂಡ ಹಿಡ್ಕೊಳ್ಳತ್ತೆ. ಡಬ್ಬದ ಮೇಲೆ ಸೋನಾಮುಖಿ ಅಂತಿದೆ.

ಹೊಂಗೆನೆರಳು:
ಸೋನಾಮುಖಿ ಅಂದ್ರೆ ಸೆನ್ನಾ. ಅದು ಔಷಧಿನೇ, ಕರುಳಿನ ಗೋಡೆಯನ್ನ ಕೆಣಕಿ ತಳ್ಳಿಸತ್ತೆ. ಕೆಲವು ದಿನಕ್ಕೆ ಸರಿ, ವರ್ಷಗಟ್ಲೆ ಅಲ್ಲ. ಅತಿಯಾದ್ರೆ ಮೈಯಿಂದ ಪೊಟ್ಯಾಷಿಯಂ ಹೋಗತ್ತೆ, ನಿಮ್ಮ ಮೀನಖಂಡ ಹಿಡ್ಕೊಳ್ಳೋದು ಅದಕ್ಕೇ ಇರಬಹುದು, ಈ ವಾರನೇ ಡಾಕ್ಟ್ರಿಗೆ ತೋರಿಸಿ ಪೊಟ್ಯಾಷಿಯಂ ನೋಡ್ಸಿ. ಜೊತೆಗೆ ಜೇಷ್ಠಮಧು ಇದ್ರೆ ಇನ್ನೂ ಕಷ್ಟ, ಅದರಲ್ಲಿರೋ ಗ್ಲಿಸಿರೈಝಿನ್ ಪೊಟ್ಯಾಷಿಯಂ ಇಳಿಸಿ ಬಿಪಿ ಏರಿಸತ್ತೆ. ಡಬ್ಬ ತಿರುಗಿಸಿ ನೋಡಿ.

ಕಡಲಗಾಳಿ:
ಇದೆ ಸರ್. ಮೂರನೇ ಹೆಸರೇ ಅದು.

ತುಂಬೆಹೂ:
ಅಣ್ಣಾ ಮುಜುಗರ ಏನೂ ಬೇಡ, ಇದೇ ಮುಖ್ಯವಾದ ವಿಷಯ. ಲಿವರ್ ಕಟ್ಟಿ ಕಳಿಸಿದ್ದು ಪಿತ್ತರಸದ ಜೊತೆ ಕರುಳಿಗೆ ಬರತ್ತೆ ಅಂದ್ರಲ್ಲ ಸರ್, ಅಲ್ಲಿ ಅದು ತುಂಬಾ ಹೊತ್ತು ಕೂತ್ರೆ ಬ್ಯಾಕ್ಟೀರಿಯಾ ಆ ಕಟ್ಟು ಬಿಚ್ಚಿ, ಒಂದಷ್ಟು ಮತ್ತೆ ರಕ್ತಕ್ಕೆ ಸೇರ್ಕೊಳ್ಳತ್ತೆ. ನಾರು ಅದನ್ನ ಹಿಡ್ಕೊಂಡು ಹೊರಗೆ ತಗೊಂಡ್ಹೋಗತ್ತೆ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು ಅಂತಾರೆ, ನಾನು ಲೆಕ್ಕ ಹಾಕಿ ನೋಡಿದಾಗ ನನಗೆ ಹತ್ತೂ ಆಗ್ತಿರ್ಲಿಲ್ಲ! ನಾಲ್ಕು ಬಾಟಲಿ ನುಂಗ್ತಿದ್ದೆ, ಕಾಳು ತಿಂತಿರ್ಲಿಲ್ಲ.

ಈಗ ಪ್ರತಿ ಊಟಕ್ಕೂ ತರಕಾರಿ ತಟ್ಟೆಯ ಅರ್ಧ, ದಿನಕ್ಕೊಂದು ಸಲ ಕಾಳು, ಸಿಪ್ಪೆ ಸಮೇತ ಹಣ್ಣು. ಒಂದೇ ಸಲ ಜಾಸ್ತಿ ಮಾಡ್ಬೇಡಿ, ಗ್ಯಾಸ್ ಆಗಿ ಬೇಸರ ಬಂದು ಬಿಟ್ಬಿಡ್ತೀರಿ, ನಾನು ಮೂರು ವಾರ ತಗೊಂಡು ಏರಿಸಿದೆ. ಸಾಲದೆ ಹೋದ್ರೆ ಇಸಬ್ಗೋಲ್ ಒಂದು ಚಮಚ, ಆದ್ರೆ ದೊಡ್ಡ ಲೋಟ ತುಂಬಾ ನೀರಿನ ಜೊತೆ, ನೀರು ಕಮ್ಮಿ ಆದ್ರೆ ಗಂಟಲಲ್ಲೋ ಕರುಳಲ್ಲೋ ಗಟ್ಟಿಯಾಗಿ ಸಿಕ್ಕಾಕೊಳ್ಳತ್ತೆ. ಬೇರೆ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರ್ಲಿ. ತಿಂಡಿ ಆದ್ಮೇಲೆ ಕರುಳು ತಾನಾಗೇ ಅಲುಗಾಡತ್ತೆ, ಆ ಹೊತ್ತಲ್ಲಿ ಆತುರ ಇಲ್ಲದೆ ಹತ್ತು ನಿಮಿಷ ಕೂರಿ, ಕಾಲ ಕೆಳಗೆ ಒಂದು ಚಿಕ್ಕ ಸ್ಟೂಲ್ ಇಟ್ಕೊಳ್ಳಿ.

ನೀಲಿದಾರ:
ನಮ್ಮಮ್ಮಂಗೆ ಹೃದಯದ ವಾಲ್ವ್ ಆಪರೇಷನ್ ಆಗಿ ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ನಡೀತಿದೆ. ಯಾರೋ ಒಳ್ಳೆ ಮನಸ್ಸಿಂದಲೇ ಒಂದು ಹರ್ಬಲ್ ಕಿಟ್ ಕೊಟ್ಟಿದಾರೆ. ಬೇಡ ಅಂದ್ರೆ ಅಮ್ಮ "ಎಲೆ ಬೇರು ತಾನೆ" ಅಂತಾರೆ. ಹೇಗೆ ಹೇಳ್ಲಿ?

ಹೊಂಗೆನೆರಳು:
ಅಮ್ಮಂಗೆ ಹೀಗೆ ಹೇಳಿ, ಮಾತ್ರೆನೂ ಲಿವರ್ ದಾರಿಲೇ ಹೋಗೋದು, ಗಿಡಮೂಲಿಕೆನೂ ಅದೇ ದಾರಿಲಿ ಹೋಗೋದು, ಒಂದು ಇನ್ನೊಂದರ ದಾರಿಗೆ ಅಡ್ಡ ಬರತ್ತೆ ಅಂತ. ಗ್ರೇಪ್‌ಫ್ರೂಟ್, ಚಕ್ಕೋತ ಇವು ಕರುಳಲ್ಲಿರೋ ಒಂದು ಎಂಜೈಮನ್ನ ಕಟ್ಟಿಹಾಕ್ತವೆ, ಹಾಗಾದಾಗ ಕೆಲವು ಕೊಲೆಸ್ಟ್ರಾಲ್, ಬಿಪಿ ಮಾತ್ರೆಗಳು ರಕ್ತದಲ್ಲಿ ಏರಿಬಿಡ್ತವೆ. ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆ ಉಲ್ಟಾ, ಅದು ಎಂಜೈಮ್ ಜಾಸ್ತಿ ಮಾಡಿ ಮಾತ್ರೆಯ ಕೆಲಸವನ್ನೇ ಕಮ್ಮಿ ಮಾಡತ್ತೆ, ಗರ್ಭನಿರೋಧಕ ಮಾತ್ರೆ ಕೆಲಸ ಮಾಡದೆ ಹೋದದ್ದೂ ಇದೆ. ವಾರ್ಫರಿನ್ ಅಂತೂ ತುಂಬಾ ಸೂಕ್ಷ್ಮ. ಕಿಟ್ ಮುಟ್ಟೋದು ಬೇಡ. ಸೊಪ್ಪು ಬಿಡಬೇಕಾಗಿಲ್ಲ, ಅದರಲ್ಲಿರೋ, ಈ ಮಾತ್ರೆಗೆ ಎದುರಾಗಿ ಕೆಲಸ ಮಾಡೋ ವಿಟಮಿನ್ ಕೆ ಪ್ರತಿ ವಾರ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಹೋಗೋ ಥರ ತಿನ್ನಲಿ, ಒಂದು ವಾರ ಬುಟ್ಟಿ ಸೊಪ್ಪು, ಇನ್ನೊಂದು ವಾರ ಏನೂ ಇಲ್ಲ ಅನ್ನೋದು ಬೇಡ.

ಮಳೆಹನಿ:
ಹಾಗಾದ್ರೆ ಯಾವ ಹರ್ಬ್ಸ್ ಸರಿ? ಮಿಲ್ಕ್ ಥಿಸಲ್ ಬಗ್ಗೆ ತುಂಬಾ ಕೇಳಿದೀನಿ. ಅಮೃತಬಳ್ಳಿನೂ ಎಲ್ಲರೂ ಹೇಳ್ತಾರೆ.

ಹೊಂಗೆನೆರಳು:
ಮಿಲ್ಕ್ ಥಿಸಲ್ ಬೀಜದಲ್ಲಿರೋ ಸಿಲಿಮರಿನ್‌ಗೆ ಒಳ್ಳೆ ಹೆಸರಿದೆ, ಅದರಿಂದ ತೆಗೆದ ಸಿಲಿಬಿನಿನ್ ಅನ್ನ ಯುರೋಪಲ್ಲಿ ಡೆತ್ ಕ್ಯಾಪ್ ಅನ್ನೋ ವಿಷದ ಅಣಬೆ ತಿಂದವರಿಗೆ ರಕ್ತನಾಳದ ಮೂಲಕ ಕೊಡ್ತಾರೆ. ಆದ್ರೆ ಆರೋಗ್ಯವಾಗಿರೋರು ದಿನಾ ನುಂಗಿದ್ರೆ ಲಿವರ್ ಇನ್ನೂ ಚೆನ್ನಾಗಾಗತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ, ಲಿವರ್‌ಲಿ ಕೊಬ್ಬು ತುಂಬೋ ಫ್ಯಾಟಿ ಲಿವರ್‌ನಲ್ಲಿ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ ಇದೆ. ಅಮೃತಬಳ್ಳಿ ತಗೊಂಡು ಲಿವರ್ ಊದ್ಕೊಂಡ ಪ್ರಕರಣಗಳು 2021ರಿಂದೀಚೆಗೆ ಸಾಕಷ್ಟು ವರದಿಯಾಗಿವೆ, ಅದರಲ್ಲೂ ಕೆಲವು ಥೈರಾಯ್ಡ್ ತೊಂದರೆಗಳಂಥ ಆಟೋಇಮ್ಯೂನ್ ಕಾಯಿಲೆ (ಮೈಯ ರಕ್ಷಣಾ ವ್ಯವಸ್ಥೆ ಮೈಮೇಲೇ ತಿರುಗಿಬೀಳೋದು) ಇರೋರಲ್ಲಿ. ಅಶ್ವಗಂಧದ್ದೂ ಇವೆ. ಅಪರೂಪ, ಆದ್ರೂ ತಗೊಳ್ಳೋರಿಗೆ ಗೊತ್ತಿರಲಿ.

ತುಂಬೆಹೂ:
ನಾನು ಇಟ್ಕೊಂಡಿರೋ ನಿಯಮ ಹೇಳ್ತೀನಿ. ಅಡಿಗೆಗೆ ಹಾಕೋ ಅಷ್ಟು, ಕಪ್ಪಲ್ಲಿ ನೆನೆಸೋ ಅಷ್ಟು, ಅದಕ್ಕಿಂತ ಮೇಲೆ ಇಲ್ಲ. ಶುಂಠಿ ಹೆಬ್ಬೆರಳ ಉಗುರಿನಷ್ಟು, ಸಿಪ್ಪೆ ಸಮೇತ ತೆಳ್ಳಗೆ ಹೆಚ್ಚಿ ಬಿಸಿನೀರಿಗೆ ಹಾಕಿ ತಟ್ಟೆ ಮುಚ್ಚಿ ಹತ್ತು ನಿಮಿಷ. ಮುಚ್ಚಳ ತೆಗೆದ ಕೂಡ್ಲೇ ಬರೋ ಘಮಕ್ಕೇ ಅರ್ಧ ಸುಸ್ತು ಇಳಿಯತ್ತೆ ನಂಗೆ. ವಾಕರಿಕೆ, ಹೊಟ್ಟೆ ಭಾರ ಇದ್ರೆ ಚೆನ್ನಾಗಿ ಕೆಲಸ ಮಾಡತ್ತೆ. ಊಟ ಆದ್ಮೇಲೆ ಪುದೀನ ಇಲ್ಲಾ ಸೋಂಪು. ಎದೆಯುರಿ ಇರೋರಿಗೆ ಪುದೀನ ಬೇಡ, ಜಾಸ್ತಿ ಆಗತ್ತೆ. ಇವು ವಿಷ ತೆಗೀತವೆ ಅಂತ ಕುಡಿಯಲ್ಲ, ಹೊಟ್ಟೆಗೆ ಹಿತ ಅಂತ, ಸಂಜೆ ಸಕ್ಕರೆ ಪಾನೀಯದ ಜಾಗಕ್ಕೆ ಇದು ಬಂತು ಅಂತ.

ಒಂದು ತರಕಾರಿ ಜಾತಿ ಬಗ್ಗೆ ಮಾತ್ರ ನಂಗೆ ತುಂಬಾ ಆಸಕ್ತಿ ಬಂತು, ಬ್ರೊಕೊಲಿ, ಎಲೆಕೋಸು, ಮೂಲಂಗಿ, ಸಾಸಿವೆ ಇವೆಲ್ಲ ಒಂದೇ ಕುಟುಂಬ. ಬ್ರೊಕೊಲಿ ಹೆಚ್ಚಿದಾಗ ಅದರ ಜೀವಕೋಶ ಒಡೆದು ಸಲ್ಫೊರಾಫೇನ್ ಅನ್ನೋದು ಹುಟ್ಟತ್ತೆ, ಅದು ಸರ್ ಹೇಳಿದ ಆ ಎರಡನೇ ಹಂತದ ಎಂಜೈಮ್‌ಗಳನ್ನ ಎಬ್ಬಿಸತ್ತೆ. ಚೀನಾದ ಚಿಡಾಂಗ್ ಅನ್ನೋ ಕಡೆ ಗಾಳಿ ತುಂಬಾ ಕೆಟ್ಟಿತ್ತು, ಅಲ್ಲಿ 291 ಜನರ ಮೇಲೆ ಮಾಡಿದ ಪ್ರಯೋಗ 2014ರಲ್ಲಿ ಪ್ರಕಟ ಆಯ್ತು. 12 ವಾರ ಬ್ರೊಕೊಲಿ ಮೊಳಕೆಯ ಪಾನೀಯ ಕುಡಿದವರ ಮೂತ್ರದಲ್ಲಿ ಕೆಟ್ಟ ಗಾಳಿಲಿರೋ ಬೆಂಜೀನ್ ಅನ್ನೋ ವಿಷ ಹೊರಗೆ ಹೋಗೋದು 61 ಪರ್ಸೆಂಟ್ ಜಾಸ್ತಿ ಆಗಿತ್ತು. ಅದು ಮೊಳಕೆಯ ಪಾನೀಯ, ನಮ್ಮ ತಟ್ಟೆಯ ಪಲ್ಯಕ್ಕೆ ಅದೇ ಲೆಕ್ಕ ಹಾಕೋಕಾಗಲ್ಲ. ಆದ್ರೂ ಹೆಚ್ಚಿ ಮುಕ್ಕಾಲು ಗಂಟೆ ಹಾಗೇ ಬಿಟ್ಟು ಆಮೇಲೆ ಬೇಯಿಸಿ, ಆಗ ಸಲ್ಫೊರಾಫೇನ್ ಆಗ್ಲೇ ತಯಾರಾಗಿರತ್ತೆ. ಮರೆತು ಬೇಯಿಸಿಬಿಟ್ರೆ ಮೇಲೆ ಚೂರು ಹಸಿ ಸಾಸಿವೆ ಪುಡಿ ಉದುರಿಸಿ, ಅದೇ ಕೆಲಸ ಮಾಡೋ ಎಂಜೈಮ್ ಅದರಲ್ಲಿದೆ.

ಕಡಲಗಾಳಿ:
ಬೆವರಿಳಿಸಿದ್ರೆ ವಿಷ ಹೋಗತ್ತಾ? ಆಮೇಲೆ ಅಂಗಾಲಿಗೆ ರಾತ್ರಿ ಅಂಟಿಸ್ಕೊಳ್ಳೋ ಪ್ಯಾಡ್ ಬರತ್ತಲ್ಲ, ಬೆಳಗ್ಗೆ ಕಪ್ಪಗಾಗಿರತ್ತೆ.

ಹೊಂಗೆನೆರಳು:
ಪ್ಯಾಡ್ ಮೇಲೆ ನಾಲ್ಕು ಹನಿ ಶುದ್ಧ ನೀರು ಹಾಕಿ ನೋಡಿ, ಹಾಗೇ ಕಪ್ಪಗಾಗತ್ತೆ. ಬೆವರು ಮೈ ತಣ್ಣಗೆ ಮಾಡೋಕಿರೋದು, ಬಹುಪಾಲು ನೀರು ಮತ್ತೆ ಉಪ್ಪು. ವ್ಯಾಯಾಮ ಮಾಡಿ ಬೆವರಿ, ಅದು ಬೇರೆ ಕಾರಣಕ್ಕೆ ಒಳ್ಳೇದು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದ್ರೆ ಲಿವರ್ ಕೊಬ್ಬು ಕರಗತ್ತೆ. ತೂಕ ಜಾಸ್ತಿ ಇರೋರು ನೂರಕ್ಕೆ 7ರಿಂದ 10 ಭಾಗ ನಿಧಾನಕ್ಕೆ ಇಳಿಸಿದ್ರೆ ಫ್ಯಾಟಿ ಲಿವರ್‌ನ ಊತನೂ ಇಳಿಯತ್ತೆ, ಯಾವ ಸಿರಪ್ಪೂ ಇಷ್ಟು ಮಾಡಿದ್ದನ್ನ ನಾನು ನೋಡಿಲ್ಲ.

ಸೋಸೋ ಕೆಲಸ ಕಿಡ್ನಿದು. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದ್ದೆಲ್ಲಾ ವಾಪಸ್ ಹೀರ್ಕೊಂಡು, ಒಂದೆರಡು ಲೀಟರ್ ಮಾತ್ರ ಹೊರಗೆ ಬಿಡ್ತವೆ. ನೀರು ಬಾಯಾರಿದಾಗ ಕುಡೀರಿ, ಮೂತ್ರ ತಿಳಿ ಹಳದಿ ಇದ್ರೆ ಸಾಕು. ಗಂಟೆಗೆ ಒಂದು ಲೀಟರಿಗಿಂತ ಜಾಸ್ತಿ ಒಂದೇ ಸಮ ಕುಡಿದ್ರೆ ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಬರತ್ತೆ. ಬಿಪಿ, ಶುಗರ್ ಹಿಡಿತದಲ್ಲಿಡೋದು, ಸಿಕ್ಕಾಪಟ್ಟೆ ನೋವಿನ ಮಾತ್ರೆ ನುಂಗದೆ ಇರೋದು, ಕಿಡ್ನಿಗೆ ಇವೇ ದೊಡ್ಡ ಉಪಕಾರ. ಮದ್ಯ ಎಷ್ಟು ಕಮ್ಮಿ ಅಷ್ಟು ಒಳ್ಳೇದು, ಸಿಗರೇಟು ಬೇಡ.

ನೀಲಿದಾರ:
ನಿದ್ದೆ ಬಗ್ಗೆ ಯಾರೂ ಹೇಳ್ಲಿಲ್ವಲ್ಲಾ. ಅಮ್ಮನ್ನ ನೋಡ್ಕೊಳ್ತಾ ನಂಗೆ ನಾಲ್ಕು ಗಂಟೆ ನಿದ್ದೆ ಸಿಕ್ಕಿದ್ರೆ ಹೆಚ್ಚು, ತಲೆಯೊಳಗೆ ಕಸ ತುಂಬಿದ ಹಾಗಿರತ್ತೆ.

ತುಂಬೆಹೂ:
ನೀಲಿದಾರ ಅಕ್ಕಾ, ಆ ಮಾತಲ್ಲಿ ನಿಜ ಇರಬಹುದು. 2013ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಮೈಕನ್ ನೆಡರ್‌ಗಾರ್ಡ್ ಅವರ ತಂಡ ಇಲಿಗಳಲ್ಲಿ ನೋಡಿದ್ದು, ನಿದ್ದೆಲಿ ಮೆದುಳಿನ ಜೀವಕೋಶಗಳ ನಡುವಿನ ಜಾಗ ಅಗಲ ಆಗಿ ದ್ರವ ಹರಿದು ತ್ಯಾಜ್ಯ ತೊಳೆದ್ಹೋಗತ್ತೆ ಅಂತ. ಆಮೇಲೆ ಇದರ ಬಗ್ಗೆ ವಿಜ್ಞಾನಿಗಳಲ್ಲೇ ವಾದ ನಡೀತಿದೆ, ಆದ್ರೆ ನಿದ್ದೆ ಕೆಟ್ರೆ ಹಸಿವು, ಸಕ್ಕರೆ, ಬಿಪಿ ಎಲ್ಲಾ ಕೆಡತ್ತೆ ಅನ್ನೋದ್ರಲ್ಲಿ ವಾದ ಇಲ್ಲ. ವಾರದಲ್ಲಿ ಎರಡು ರಾತ್ರಿ ಅಮ್ಮನ ಹತ್ರ ಬೇರೆ ಯಾರನ್ನಾದ್ರೂ ಮಲಗಿಸೋಕೆ ಆಗತ್ತಾ ನೋಡಿ. ನೀವು ಕೇಳಿದ್ರೆ ತಾನೆ ಅವರಿಗೂ ಗೊತ್ತಾಗೋದು.

ನೀಲಿದಾರ:
ಅಣ್ಣಂಗೆ ಇವತ್ತೇ ಫೋನ್ ಮಾಡ್ತೀನಿ. ಬರೆದಿದ್ದಕ್ಕೆ ಥ್ಯಾಂಕ್ಸ್, ಕಣ್ಣಲ್ಲಿ ನೀರು ಬಂತು.

ಮಳೆಹನಿ:
ಅಕ್ಕಾ ನಾನು ಕ್ಯಾಪ್ಸೂಲ್ ನಿಲ್ಲಿಸ್ದೆ. ನಾಳೆ ಬೆಳಗ್ಗೆ ಲಿವರ್ ಟೆಸ್ಟ್ ಮಾಡಿಸ್ತೀನಿ, ಡಾಕ್ಟ್ರ ಹತ್ರ ಹೇಳೋಕೆ ಸ್ವಲ್ಪ ಅಂಜಿಕೆ, ಬೈತಾರೇನೋ ಅಂತ.

ತುಂಬೆಹೂ:
ಬೈದ್ರೆ ಬೈಸ್ಕೊಳ್ಳೋಣ, ಮುಚ್ಚಿಡೋದು ಬೇಡ. ನಾನು ಮೊದಲನೇ ಸಲ ಹೋದಾಗ ಬರೀ ವಿಟಮಿನ್ ತಗೋತೀನಿ ಅಂದ್ಬಿಟ್ಟಿದ್ದೆ, ಅದಕ್ಕೇ ಒಂದು ವಾರ ತಡ ಆಯ್ತು. ಬಾಟಲಿ ಬಿಸಾಕ್ಬೇಡ, ಜೊತೆಗೆ ತಗೊಂಡ್ಹೋಗು, ಎಷ್ಟು ದಿನ, ದಿನಕ್ಕೆ ಎಷ್ಟು ಅಂತ ಒಂದು ಚೀಟಿಲಿ ಬರ್ಕೋ. ಕಣ್ಣು ಹಳದಿ, ನವೆ, ಮೂತ್ರ ಕಡು ಬಣ್ಣ ಇದ್ರೆ ನಾಳೆವರೆಗೂ ಕಾಯ್ಬೇಡ, ಇವತ್ತೇ ಹೋಗು.

ಮಳೆಹನಿ:
ಕನ್ನಡಿಲಿ ನೋಡ್ಕೊಂಡೆ, ಕಣ್ಣು ಬೆಳ್ಳಗೇ ಇದೆ. ನವೆನೂ ಇಲ್ಲ. ರಿಪೋರ್ಟ್ ಬಂದ್ಮೇಲೆ ಇಲ್ಲೇ ಬರೀತೀನಿ ಅಕ್ಕಾ.